ಐದನೆಯ ಪದರ

ಫಾನ್ ಮೇಷ್ಟ್ರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಆವತ್ತು ಅಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಅವರು ಯೋಚಿಸಿಕೊಂಡಿದ್ದದ್ದು ಮೂರೇ ಪದರ. ಗಾಜಿನ ಉದ್ದನೆಯ ಜಾಡಿಯಲ್ಲಿ ತಳಕ್ಕೆ ಜೇನು, ಅದರ ಮೇಲೆ ಕೆಂಪು ಬಣ್ಣ ಕಲಸಿದ ನೀರು, ಅದರ ಮೇಲೆ ಕಡಲೆಕಾಯಿ ಎಣ್ಣೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮಕ್ಕಳಿಗೆ ಅರ್ಥವಾಯಿತು, ಗಂಟೆ ಹೊಡೆಯಿತು, ಎಲ್ಲರೂ ಮನೆಗೆ ಹೋದರು. ಅಷ್ಟು ಸರಳ.

ಆದರೆ ಅದು ಬಹಿರಂಗ ಪಾಠ. ಜಿಲ್ಲೆಯ ಮೇಷ್ಟ್ರುಗಳೆಲ್ಲ ಬಂದು ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಶಿಕ್ಷಣ ಕಚೇರಿಯವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಪಾಠ ಮುಗಿದ ಮೇಲೆ ಸಭೆ ಸೇರಿ ಪಾಠ ಮಾಡಿದವನನ್ನು ಎದುರಿಗೇ ಕೂರಿಸಿಕೊಂಡು ಜಾಲಾಡುತ್ತಾರೆ. ಆ ಪಾಠಕ್ಕೆ ಮುಂಚೆ ಇಡೀ ಶಾಲೆ ಸೇರಿ ಅದನ್ನು ಉಜ್ಜಬೇಕು. ಪಾಠ ಉಜ್ಜುವುದು ಅಂತಲೇ ಅದಕ್ಕೆ ಹೆಸರು. ಯಾರು ಏನು ಸಲಹೆ ಕೊಟ್ಟರೂ ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಮುಖ ಊದಿಸಿಕೊಳ್ಳುತ್ತಾರೆ, ಆಮೇಲೆ ಆರು ತಿಂಗಳು ಮಾತಿಲ್ಲ.

"ಮೂರು ಬಣ್ಣ ಏನ್ ಚೆಂದ ಫಾನ್ ಮೇಷ್ಟ್ರೇ?" ಅಂದಿದ್ದರು ಭಾಷೆ ಪಾಠ ಹೇಳುವ ಯಾನ್ ಮೇಡಂ. "ಐದಿರ್ಲಿ. ಐದು ಬಣ್ಣದ ಗೋಪುರ ಅಂತ ಹೆಸರಿಡೋಣ. ನಾನೇ ಒಂದು ಪದ್ಯ ಬರ್ದು ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀನಿ."

"ಐದೂ ಸಮ ಎತ್ತರ ಇರಬೇಕು ಮತ್ತೆ," ಅಂದಿದ್ದರು ಲೆಕ್ಕದ ಪಾಂಗ್ ಮೇಷ್ಟ್ರು. "ಒಂದು ಕೂದಲೆಳೆ ಹೆಚ್ಚು ಕಮ್ಮಿ ಆಗಬಾರದು. ನಾನು ಹಿಂದೆ ಕೂತು ನೋಡ್ತಿರ್ತೀನಿ."

ಹೀಗೆ ಜೇನಿನ ಮೇಲೆ ಪಾತ್ರೆ ತೊಳೆಯುವ ಹಸಿರು ಸೋಪಿನ ದ್ರವ ಬಂತು. ಎಣ್ಣೆಯ ಮೇಲೆ, ಎಲ್ಲಕ್ಕಿಂತ ತುದಿಗೆ, ದೀಪದ ಸ್ಪಿರಿಟ್ಟಿಗೆ ನೀಲಿ ಬಣ್ಣ ಹಾಕಿ ಸುರಿದದ್ದಾಯಿತು. ಮಕ್ಕಳ ಎದುರಿಗೆ ಅಭ್ಯಾಸ ಮಾಡಿ ನೋಡಿದ್ದೂ ಆಯಿತು. ಗೋಪುರ ಅಲುಗಾಡದೆ ನಿಂತಿತು. ಫಾನ್ ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು.

ಬಿಡದೆ ಏನು ಮಾಡುತ್ತಾರೆ ಪಾಪ. ಆ ಗೋಪುರದ ಮೇಲೆ ಅವರ ಸಂಸಾರವೇ ನಿಂತಿತ್ತು. ಹೆಂಡತಿ ರೂಯಿಹ್ವಾ ಜಿಲ್ಲಾ ಪಟ್ಟಣದ ಪ್ರೈಮರಿ ಶಾಲೆಯಲ್ಲಿ ಟೀಚರು. ಮಗಳೂ ಅಲ್ಲೇ. ಫಾನ್ ಮೇಷ್ಟ್ರು ಮಾತ್ರ ಬೆಟ್ಟದ ಈಚೆ, ಲಾವ್‌ಜಿಂಗ್ ಅನ್ನುವ ಈ ಸಾರಾಯಿ ಪೇಟೆಯಲ್ಲಿ. ಬೆಳಗಾದರೆ ಬೇಯಿಸಿದ ಜೋಳದ ಹುಳಿ ವಾಸನೆ, ರಾತ್ರಿಯಾದರೆ ಒಂಟಿ ಮಂಚ. ಹೆಂಡತಿ ಮಗಳ ಮುಖ ಕಾಣುವುದು ಭಾನುವಾರ ಒಂದು ದಿನ. ಆರು ವರ್ಷದಿಂದ ಹೀಗೇ. ಈಗ ಪಟ್ಟಣದ ದೊಡ್ಡ ಶಾಲೆಯಲ್ಲಿ ರಸಾಯನಶಾಸ್ತ್ರದ ಜಾಗ ಖಾಲಿಯಾಗಿತ್ತು. ಈ ವರ್ಷ ಜಿಲ್ಲೆಯಲ್ಲಿ ನಡೆಯುವ ಬಹಿರಂಗ ಪಾಠಗಳಲ್ಲಿ ಕೊನೆಯದಾದ ಇದಕ್ಕೆ ಮೊದಲನೆಯ ಸ್ಥಾನ ಬಂದರೆ ಆ ಜಾಗ ಫಾನ್ ಅವರದೇ ಅಂತ ಶಿಕ್ಷಣ ಕಚೇರಿಯ ಗೂ ಸಾಹೇಬರು ಬಾಯಿ ಬಿಟ್ಟು ಹೇಳಿದ್ದರು.

ಹಾಗಿರುವಾಗ, ಪಾಠದ ದಿನ ಶುಕ್ರವಾರ ಬೆಳಿಗ್ಗೆ, ಹೆಡ್ಮೇಷ್ಟ್ರು ಶೆನ್ ಕರೆಸಿದರು. ಮೇಜಿನ ಮೇಲೆ ಕೆಂಪು ಡಬ್ಬಿ. ಡಬ್ಬಿಯೊಳಗೆ ಸೀಲು ಒಡೆಯದ ಬಿಳಿ ಬಾಟಲಿ.

"ಏನ್ ಸಾರ್ ಇದು?"

"ಮೆಂಗ್ ಸಾರಾಯಿ ಕಣಯ್ಯಾ. ಅರವತ್ತೈದು ಡಿಗ್ರಿ. ನಿನ್ನ ಐದನೇ ಪದರಕ್ಕೆ ಆ ದರಿದ್ರ ದೀಪದ ಸ್ಪಿರಿಟ್ ಯಾಕೆ? ಇದನ್ನ ಸುರಿ. ನಮ್ಮೂರಿನ ಹೆಮ್ಮೆ, ನಮ್ಮೂರಿನ ಮಕ್ಕಳಿಗೆ."

"ಸಾರ್, ಅಭ್ಯಾಸ ಮಾಡಿರೋದು ಸ್ಪಿರಿಟ್ಟಲ್ಲಿ..."

"ಮೆಂಗ್ ಯಾರು ಗೊತ್ತಲ್ಲ? ಗೂ ಸಾಹೇಬರ ಭಾವಮೈದ. ಗೂ ಸಾಹೇಬರ ಕಣ್ಣೆದುರಿಗೆ ಅವರ ಮನೆಯವರ ಸಾರಾಯಿ ಎಲ್ಲದರ ತಲೆ ಮೇಲೆ ಹೋಗಿ ಕೂರುತ್ತೆ. ಇದಕ್ಕಿಂತ ಇನ್ನೇನಯ್ಯಾ ಬೇಕು ನಿನಗೆ?"

ಫಾನ್ ಮೇಷ್ಟ್ರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಒಂದು ಸಲ ಪರೀಕ್ಷೆ ಮಾಡಿ ನೋಡ್ತೀನಿ ಸಾರ್. ಒಂದೇ ಚಮಚ."

"ಮುಟ್ಟಬೇಡ!" ಹೆಡ್ಮೇಷ್ಟ್ರು ಬಾಟಲಿಯನ್ನು ಕಿತ್ತುಕೊಂಡರು. "ಸೀಲು ಒಡೆಯೋದು ಎಲ್ಲರ ಎದುರಿಗೆ. ಒಡೆದ ಬಾಟ್ಲಿ ಮುಂದಿಟ್ರೆ ಅರ್ಧ ನೀನು ಕುಡಿದಿದೀಯ ಅಂದ್ಕೊಳ್ತಾರೆ."

ಫಾನ್ ಮೇಷ್ಟ್ರು ಪೇಚಿಗೆ ಸಿಕ್ಕಿಬಿದ್ದದ್ದು ಇಲ್ಲೇ. ಯಾಕೆಂದರೆ ಸಾರಾಯಿಗೆ ನೀರು ಬೆರೆತಷ್ಟೂ ಅದರ ಭಾರ ಹೆಚ್ಚು. ಡಬ್ಬಿಯ ಮೇಲೆ ಬರೆದ ಅರವತ್ತೈದು ನಿಜವಾಗಿದ್ದರೆ, ಅಂದರೆ ನೂರಕ್ಕೆ ಅರವತ್ತೈದು ಪಾಲು ಆಲ್ಕೋಹಾಲ್ ಇದ್ದರೆ, ಎಣ್ಣೆಯ ಮೇಲೆ ನಿಲ್ಲುತ್ತದೆ. ನೀರು ಬೆರೆಸಿದ್ದರೆ ಎಣ್ಣೆಯನ್ನು ತೂರಿಕೊಂಡು ಕೆಳಗಿಳಿದು ಕೆಂಪು ನೀರಿನಲ್ಲಿ ಕರಗಿಹೋಗುತ್ತದೆ. ನೀಲಿಯೂ ಕೆಂಪೂ ಸೇರಿ ಬದನೆಕಾಯಿ ಬಣ್ಣ. ಇಡೀ ಜಿಲ್ಲೆಯ ಎದುರಿಗೆ, ಗೂ ಸಾಹೇಬರ ಭಾವಮೈದ ನೀರು ಮಾರುತ್ತಾನೆ ಅಂತ ಫಾನ್ ಮೇಷ್ಟ್ರು ಸಾಕ್ಷಿ ಸಮೇತ ತೋರಿಸಿಕೊಟ್ಟ ಹಾಗೆ. ಆಮೇಲೆ ಪಟ್ಟಣದ ಶಾಲೆಯಂತೆ, ಹೆಂಡತಿಯಂತೆ, ಮಗಳಂತೆ!

ಅವರು ಓಡಿಹೋಗಿ ಸ್ಟಾಫ್ ರೂಮಿನಲ್ಲಿ ಚಹಾ ಹೀರುತ್ತಿದ್ದ ಪಾಂಗ್ ಅವರನ್ನು ಹಿಡಿದರು. "ಪಾಂಗ್ ಮೇಷ್ಟ್ರೇ, ಮೆಂಗ್ ಸಾರಾಯಿ ಹೆಂಗಿರುತ್ತೆ? ಕುಡಿದಿದೀರಾ?"

"ಕುಡೀದೆ ಏನು? ನಮ್ಮಣ್ಣನ ಮಗನ ಮದುವೇಲಿ ಬಾಟ್ಲಿ ಮೇಲೆ ಬಾಟ್ಲಿ ಖಾಲಿ ಮಾಡಿದ್ವಿ. ಒಬ್ಬನ ನಾಲಿಗೇನೂ ತೊದಲಲಿಲ್ಲ ಮಾರಾಯ್ರೇ. ನಮ್ಮ ಮಾವ ಎದ್ದು ನೆಟ್ಟಗೆ ಸೈಕಲ್ ತುಳ್ಕೊಂಡು ಮನೆಗೆ ಹೋದ್ರು. ಪಾಯಿಖಾನೆ ಮುಂದೆ ಮಾತ್ರ ದೊಡ್ಡ ಸಾಲು ನಿಂತಿತ್ತು." ಪಾಂಗ್ ದನಿ ತಗ್ಗಿಸಿದರು. "ಊರಿಗೆಲ್ಲ ಗೊತ್ತು. ಹೇಳೋರು ಯಾರು, ಗೂ ಸಾಹೇಬರ ನೆಂಟ. ಯಾಕೆ ಕೇಳಿದ್ರಿ?"

ಆಗಲೇ ಬಾಗಿಲಲ್ಲಿ ಹೆಡ್ಮೇಷ್ಟ್ರ ತಲೆ ಇಣುಕಿತು. "ಫಾನ್, ಒಳ್ಳೇ ಸುದ್ದಿ! ಮೆಂಗ್ ಅವರೂ ಬರ್ತಿದಾರೆ. ಸೀಲು ಅವರ ಕೈಯಿಂದಲೇ ಒಡೆಸೋಣ."

ಮಧ್ಯಾಹ್ನ ಊಟದ ಹೊತ್ತಿಗೆ ಫಾನ್ ಮೇಷ್ಟ್ರ ಮುಂದಿದ್ದ ನೂಡಲ್ಸ್ ತಣ್ಣಗಾಗಿ ಮುದ್ದೆ ಕಟ್ಟಿತು. ಆದರೆ ಹಸಿದ ಹೊಟ್ಟೆಗೂ ಒಂದೊಂದು ಸಲ ಬುದ್ಧಿ ಹೊಳೆಯುತ್ತದೆ. ಸ್ಪಿರಿಟ್ಟೂ ನೀರಿನಂತೆ ತಿಳಿ, ಸಾರಾಯಿಯೂ ನೀರಿನಂತೆ ತಿಳಿ. ಒಂದು ಗಾಜಿನ ಲೋಟದಲ್ಲಿ ಸ್ಪಿರಿಟ್ ತುಂಬಿಸಿ ಮೇಜಿನ ಕೆಳಗೆ ಇಟ್ಟುಕೊಂಡರೆ? ಮೆಂಗ್ ಸೀಲು ಒಡೆದು ಇನ್ನೊಂದು ಲೋಟಕ್ಕೆ ಸಾರಾಯಿ ಸುರಿಯಲಿ. ಆಮೇಲೆ ಲೋಟ ಬದಲಾಯಿಸಿ, ನೀಲಿ ಬಣ್ಣ ಹಾಕಿ, ಜಾಡಿಗೆ ಇಳಿಸಿದರಾಯಿತು. ಯಾರ ಮಾನವೂ ಹೋಗುವುದಿಲ್ಲ. ಹಾಗಂತ ಅಂದುಕೊಂಡು ಅವರು ಸದ್ದಿಲ್ಲದೆ ತರಗತಿಗೆ ಹೋಗಿ, ಮೇಜಿನ ಕೆಳಗಿನ ಹಲಗೆಯ ಮೇಲೆ ತುಂಬಿದ ಲೋಟ ಇಟ್ಟು ಬಂದರು.

ಪಾಠದ ಗಂಟೆ ಹೊಡೆಯಿತು. ತರಗತಿ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಗೂ ಸಾಹೇಬರು, ನರೆತ ಗಡ್ಡದ ಮೇಲೆ ಬೆರಳಿಟ್ಟುಕೊಂಡು, ಕಣ್ಣು ಜಾಡಿಯ ಮೇಲೇ ನೆಟ್ಟುಕೊಂಡು ಕೂತಿದ್ದರು. ಅವರ ಪಕ್ಕ ಮೆಂಗ್. ಹೊಸ ಕೋಟು, ಹೊಳೆಯುವ ಬೂಟು, ಎರಡು ಕುರ್ಚಿ ತುಂಬುವ ಮೈ. ಮೇಜಿನ ಮೇಲೆ ಜಾಡಿಯ ಪಕ್ಕ ಹೂದಾನಿ, ಅದರಲ್ಲಿ ಬಿಳಿ ಲಿಲ್ಲಿ ಹೂ. ಅಲಂಕಾರದ ಹೊಣೆ ಯಾನ್ ಮೇಡಂದು.

ಜೇನು ಇಳಿಯಿತು. ಸೋಪು ಇಳಿಯಿತು. ಫಾನ್ ಮೇಷ್ಟ್ರು ಜಾಡಿಯ ಗೋಡೆಗೆ ಚಮಚ ಒರಗಿಸಿ ಕೆಂಪು ನೀರನ್ನು ಒಂದೊಂದೇ ಹನಿ ಜಾರಿಸುತ್ತ, "ಇದು ಸೋಪಿನ ಮೇಲೆ ಯಾಕೆ ನಿಲ್ತು? ಯಾರು ಹೇಳ್ತೀರಿ?" ಅಂದರು. ಎಲ್ಲ ಮಕ್ಕಳೂ ಕೈ ಎತ್ತಿದರು. ಎತ್ತದೆ ಏನು, ಮೊದಲೇ ಹೇಳಿಕೊಟ್ಟದ್ದು: ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮೇಷ್ಟ್ರು ಬಲಗೈಯವರನ್ನು ಮಾತ್ರ ಏಳಿಸಬೇಕು. ಆದರೆ ಗಾಬರಿಯಲ್ಲಿ ಅವರ ಬೆರಳು ಯಾವುದೋ ಹುಡುಗಿಯ ಕಡೆಗೆ ಹೋಯಿತು.

ಹುಡುಗಿ ಎದ್ದು ನಿಂತು ಅಳುಮುಖ ಮಾಡಿದಳು. "ಮೇಷ್ಟ್ರೇ, ನಾನು ಎತ್ತಿದ್ದು ಎಡಗೈ."

ಹಿಂದಿನ ಕುರ್ಚಿಗಳಲ್ಲಿ ಕಿಸಕ್ಕನೆ ನಗು ಎದ್ದಿತು. ನಕ್ಕವರೆಲ್ಲ ತಮ್ಮ ತಮ್ಮ ಶಾಲೆಗಳಲ್ಲಿ ಇದನ್ನೇ ಮಾಡುವವರು. ಆದರೂ ನಕ್ಕರು. ಹೆಡ್ಮೇಷ್ಟ್ರ ಮುಖ ಕೆಂಪು ನೀರಿನ ಬಣ್ಣಕ್ಕೆ ತಿರುಗಿತು. ಫಾನ್ ಮೇಷ್ಟ್ರು ಬೆವರು ಒರೆಸಿಕೊಂಡು ಎಣ್ಣೆ ಸುರಿದರು. ನಾಲ್ಕು ಪದರ ನಿಂತವು. ಹಿಂದಿನಿಂದ ಪಾಂಗ್ ಒಂದು ಕಣ್ಣು ಮುಚ್ಚಿ ಸ್ಕೇಲು ಹಿಡಿದು ಅಳೆದು, ತಲೆಯಾಡಿಸಿ ಒಪ್ಪಿಗೆ ಕೊಟ್ಟರು.

"ಈಗ ನಮ್ಮೂರಿನ ಹೆಮ್ಮೆ!" ಅಂತ ಹೆಡ್ಮೇಷ್ಟ್ರು ಕೂಗಿದರು. ಮೆಂಗ್ ಎದ್ದು ಬಂದು, ಎಲ್ಲರಿಗೂ ಕಾಣುವಂತೆ ಬಾಟಲಿ ಎತ್ತಿ ಹಿಡಿದು, ಸೀಲು ಒಡೆದು, ಲೋಟಕ್ಕೆ ಸಾರಾಯಿ ಸುರಿದು, "ಅರವತ್ತೈದು!" ಅಂತ ಸಾರಿ ಹೋಗಿ ಕೂತರು.

ಫಾನ್ ಮೇಷ್ಟ್ರು ಮೇಜಿನ ಕೆಳಗೆ ಕೈ ಹಾಕಿದರು. ಲೋಟ ಸಿಕ್ಕಿತು. ಹಗುರವಾಗಿತ್ತು. ಬಗ್ಗಿ ನೋಡಿದರೆ ಖಾಲಿ. ತಳದಲ್ಲಿ ಒಂದು ಹನಿಯೂ ಇರಲಿಲ್ಲ.

ಯಾರು ಕುಡಿದರು? ಕುಡಿದವರು ಬದುಕಿದ್ದಾರೆಯೇ? ಅವರು ಬೆಪ್ಪಾಗಿ ಸುತ್ತ ನೋಡುತ್ತಿರುವಾಗ ಗೋಡೆಯ ಪಕ್ಕ ನಿಂತಿದ್ದ ಯಾನ್ ಮೇಡಂ ಕಣ್ಣಿಗೆ ಬಿದ್ದರು. ಆಕೆ ಖಾಲಿ ಲೋಟ ತೋರಿಸಿ, ಹೂದಾನಿ ತೋರಿಸಿ, ಹೆಮ್ಮೆಯಿಂದ ಮುಗುಳ್ನಕ್ಕು, ಬರೀ ತುಟಿಯಲ್ಲೇ ಹೇಳಿದರು: "ಹೂವಿಗೆ ನೀರೇ ಇರ್ಲಿಲ್ಲ. ನಾನೇ ಹಾಕ್ದೆ."

ಲಿಲ್ಲಿಗಳು ಆಗಲೇ ಕತ್ತು ವಾಲಿಸಿ, ಕುಡಿದವರ ಹಾಗೆ ಒಂದರ ಹೆಗಲಿಗೊಂದು ಒರಗಿಕೊಂಡಿದ್ದವು. ಮೇಜಿನ ಬಳಿ ಸ್ಪಿರಿಟ್ಟಿನ ವಾಸನೆ ಗಮ್ಮೆನ್ನುತ್ತಿತ್ತು. ಆ ಪೇಟೆಯಲ್ಲಿ ಅಂಥ ವಾಸನೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ ಪುಣ್ಯ.

ಕೈಯಲ್ಲಿ ಮೆಂಗ್ ಸಾರಾಯಿ. ಮುಂದೆ ನಾಲ್ಕು ಪದರದ ಜಾಡಿ. ಎಲ್ಲ ಕಣ್ಣೂ ಅವರ ಮೇಲೆ. ಫಾನ್ ಮೇಷ್ಟ್ರಿಗೆ ಪಟ್ಟಣದ ಬಸ್ ನಿಲ್ದಾಣದಲ್ಲಿ ಭಾನುವಾರ ಸಂಜೆ ಕೈಬೀಸುತ್ತ ಸಣ್ಣಗಾಗುವ ಮಗಳ ನೆನಪಾಯಿತು. ಇನ್ನು ಆರು ವರ್ಷ ಅದನ್ನೇ ನೋಡುವ ಶಕ್ತಿ ಅವರಲ್ಲಿ ಇರಲಿಲ್ಲ.

"ಮಕ್ಕಳೇ," ಅಂದರು. ದನಿ ಕೀಚಲಾಗಿ ಬಂತು. "ಎಲ್ಲರೂ ಕಣ್ಣು ಮುಚ್ಚಿ. ಸಾರಾಯಿ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಮನಸ್ಸಿನಲ್ಲೇ ಊಹೆ ಮಾಡಿ. ನಾನು ಹೇಳೋವರೆಗೂ ತೆರೀಬಾರದು."

ಮಕ್ಕಳು ಕಣ್ಣು ಮುಚ್ಚಿದರು. ಅಭ್ಯಾಸದಲ್ಲಿ ಇದು ಇರಲಿಲ್ಲ. ಆದರೂ ಮುಚ್ಚಿದರು. ಅತಿಥಿಗಳು ಮಾತ್ರ ಪಿಳಿಪಿಳಿ ನೋಡುತ್ತ ಕೂತಿದ್ದರು.

"ಅತಿಥಿಗಳೂ... ದಯವಿಟ್ಟು," ಅಂದರು ಫಾನ್ ಮೇಷ್ಟ್ರು.

ಗೂ ಸಾಹೇಬರು ಕೈಕಟ್ಟಿ, ಮೊದಲು ತಾವೇ ಕಣ್ಣು ಮುಚ್ಚಿದರು. ಸಾಹೇಬರೇ ಮುಚ್ಚಿದ ಮೇಲೆ ಹೆಡ್ಮೇಷ್ಟ್ರು ತೆರೆದಿಟ್ಟುಕೊಳ್ಳುತ್ತಾರೆಯೇ? ಮೆಂಗ್, ಪಾಂಗ್, ಯಾನ್ ಮೇಡಂ, ಹಿಂದಿನ ಕುರ್ಚಿಗಳೆಲ್ಲ ಸಾಲಾಗಿ ಮುಚ್ಚಿಕೊಂಡವು.

ಫಾನ್ ಮೇಷ್ಟ್ರು ಒಂದು ಕೈಯಲ್ಲಿ ಲಿಲ್ಲಿಗಳ ಕತ್ತು ಹಿಡಿದರು. ಇನ್ನೊಂದು ಕೈಯಲ್ಲಿ ಹೂದಾನಿ ಬಗ್ಗಿಸಿ ಖಾಲಿ ಲೋಟಕ್ಕೆ ಸ್ಪಿರಿಟ್ ಬಸಿದರು. ಬುಳಕ್ ಅಂತ ಸದ್ದಾಯಿತು. ಜೋರಾಗಿ ಕೆಮ್ಮಿ ಮುಚ್ಚಿದರು. ಮೆಂಗ್ ಸಾರಾಯಿಯನ್ನು ಹೂದಾನಿಗೆ ಸುರಿದರು. ಒಂದು ಎಲೆ ಲೋಟದಲ್ಲಿ ಬಿದ್ದಿತ್ತು. ಬೆರಳು ಹಾಕಿ ತೆಗೆದು ಜೇಬಿಗೆ ಸೇರಿಸಿದರು. ಹೂ ನೆಟ್ಟಗೆ ಮಾಡಿದರು, ನಿಲ್ಲಲಿಲ್ಲ, ಬಿಟ್ಟರು.

"ತೆರೀರಿ!"

ನೀಲಿ ಬಣ್ಣದ ಹನಿ ಬಿತ್ತು. ಚಮಚದ ಮೇಲಿಂದ ನೀಲಿ ದ್ರವ ಜಾರಿ ಎಣ್ಣೆಯ ಮೇಲೆ ಹರಡಿತು. ತರಗತಿ ಉಸಿರು ಬಿಗಿಹಿಡಿಯಿತು. ಹರಡಿತು, ನಿಂತಿತು, ಒಂದು ಎಳೆಯೂ ಕೆಳಗಿಳಿಯಲಿಲ್ಲ. ತಳದಿಂದ ತುದಿಯವರೆಗೆ ಐದು ಬಣ್ಣ ಐದು ಕಡೆ, ಪಾಂಗ್ ಅವರ ಸ್ಕೇಲಿಗೂ ಸರಿಯಾಗಿ.

ಚಪ್ಪಾಳೆ ಬಿತ್ತು ನೋಡಿ! ಮಕ್ಕಳು ಎದ್ದು ಯಾನ್ ಮೇಡಂ ಪದ್ಯ ಶುರು ಮಾಡಿದರು. ಆ ಗದ್ದಲದಲ್ಲಿ ಒಂದು ಸಾಲೂ ಕೇಳಿಸಲಿಲ್ಲ. ಮೆಂಗ್ ಓಡಿ ಬಂದು ಫಾನ್ ಮೇಷ್ಟ್ರನ್ನು ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ಮೇಷ್ಟ್ರೇ! ಈ ಊರಿನ ಹೊಲಸು ಬಾಯಿಗಳಿಗೆ ಬೀಗ ಹಾಕಿದ್ರಿ. ನೀರು ಬೆರೆಸ್ತಾನೆ ನೀರು ಬೆರೆಸ್ತಾನೆ ಅಂತಿದ್ರಲ್ಲ, ಈಗ ಅನ್ನಲಿ! ನನಗೇ ಗೊತ್ತಿರ್ಲಿಲ್ಲ ನನ್ನ ಸಾರಾಯಿ ಇಷ್ಟು ಗಟ್ಟಿ ಅಂತ!"

ಎಲ್ಲರೂ ಕುಣಿಯುವಾಗ ಗೂ ಸಾಹೇಬರು ಒಬ್ಬರೇ ಸುಮ್ಮನೆ ಕೂತು ಜಾಡಿ ನೋಡುತ್ತಿದ್ದರು. ಚಪ್ಪಾಳೆಯನ್ನೂ ಸಾವಕಾಶವಾಗಿ, ಲೆಕ್ಕಕ್ಕೆ ತಟ್ಟಿದರು. ಫಾನ್ ಮೇಷ್ಟ್ರು ಅದನ್ನು ದೊಡ್ಡವರ ಗಾಂಭೀರ್ಯ ಅಂದುಕೊಂಡರು.

ಪಾಠದ ಮೇಲಿನ ಸಭೆಯಲ್ಲಿ ಹೊಗಳಿಕೆಯ ಹೊಳೆ ಹರಿಯಿತು. ಸಮ ಎತ್ತರದ ಉಪಾಯ ತನ್ನದು ಅಂದರು ಪಾಂಗ್. ಹೂವು ತನ್ನದು ಅಂದರು ಯಾನ್ ಮೇಡಂ. ಬಾಟಲಿ ತಾನೇ ತಂದದ್ದು ಅಂತ ಹೇಳಲು ಹೊರಟ ಹೆಡ್ಮೇಷ್ಟ್ರು ಗೂ ಸಾಹೇಬರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಗೂ ಸಾಹೇಬರು ಎದ್ದು, "ಮೊದಲನೇ ಸ್ಥಾನ, ಫಾನ್ ಮೇಷ್ಟ್ರಿಗೆ," ಅಂದರು. ಫಾನ್ ಮೇಷ್ಟ್ರು ಕಣ್ಣು ಮುಚ್ಚಿದರು. ಈ ಸಲ ಸಂತೋಷಕ್ಕೆ.

ಮುಚ್ಚಿದ್ದಾಗಲೇ ಮೆಂಗ್ ಅವರ ದನಿ ಕೇಳಿಸಿತು. "ನಂದೊಂದು ಮಾತು. ಈ ಶಾಲೆಗೆ ಹೊಸ ಪ್ರಯೋಗಶಾಲೆ ನಾನು ಕಟ್ಟಿಸ್ತೀನಿ. ಫಾನ್ ಮೇಷ್ಟ್ರು ಮಾತ್ರ ಈ ಊರು ಬಿಟ್ಟು ಹೋಗಕೂಡದು. ಭಾನುವಾರ ಭಾನುವಾರ ಹೊರಗಿನ ವ್ಯಾಪಾರಿಗಳು ನಮ್ಮ ಭಟ್ಟಿಗೆ ಬರ್ತಾರೆ. ಅವರ ಎದುರಿಗೆ ಈ ಗೋಪುರ ಕಟ್ಟಿ ತೋರಿಸ್ಬೇಕು. ನಾಡಿದ್ದಿಂದಲೇ!"

ಹೆಡ್ಮೇಷ್ಟ್ರು ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದರು. ಗೂ ಸಾಹೇಬರು ಭಾವಮೈದನನ್ನು ನೋಡಿದರು, ನೆಲ ನೋಡಿದರು, "ಆಗಲಿ," ಅಂದರು. "ಪಟ್ಟಣದ ಶಾಲೆಗೆ ಬೇರೆ ಯಾರನ್ನಾದರೂ ಹುಡುಕ್ತೀವಿ."

ಸಭೆ ಮುಗಿಸಿ ಹೊರಟ ಗೂ ಸಾಹೇಬರ ಹಿಂದೆಯೇ ಫಾನ್ ಮೇಷ್ಟ್ರು ಓಡಿ ಮೆಟ್ಟಿಲ ಬಳಿ ಹಿಡಿದರು. "ಸಾಹೇಬ್ರೇ, ನೀವು ಮಾತು ಕೊಟ್ಟಿದ್ರಿ. ನನ್ನ ಹೆಂಡತಿ, ಮಗು..."

ಗೂ ಸಾಹೇಬರು ಸುತ್ತ ನೋಡಿ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. "ಮೇಷ್ಟ್ರೇ, ನಾನೂ ಹಿಂದೆ ರಸಾಯನಶಾಸ್ತ್ರ ಹೇಳ್ಕೊಟ್ಟವನೇ. ಆ ಬಾಟ್ಲಿ ಇಡಿಸಿದ್ದು ಯಾರು ಅಂದ್ಕೊಂಡಿರಿ? ನಾನೇ. ನನ್ನ ಹೆಸರು ಎತ್ತಬೇಡಿ ಅಂತ ನಿಮ್ಮ ಹೆಡ್ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದೆ. ಮೆಂಗ್ ನೀರು ಮಾರ್ತಾನೆ ಅಂತ ನನಗೆ ಎಷ್ಟೋ ವರ್ಷದಿಂದ ಗುಮಾನಿ. ಜನ ಹಿಂದಿನಿಂದ ನನ್ನ ನೋಡಿ ನಗ್ತಾರೆ. ಹೆಂಡತಿ ಎದುರು ಅವಳ ತಮ್ಮನ್ನ ಕಳ್ಳ ಅನ್ನೋ ಧೈರ್ಯ ನನಗಿಲ್ಲ. ಜಾಡೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಅದು ಮುಳುಗಿದ್ದಿದ್ರೆ ನನ್ನ ತಲೆನೋವು ಇವತ್ತಿಗೆ ಮುಗೀತಿತ್ತು. ನಿಮ್ಮನ್ನ ನಾಳೆನೇ ನನ್ನ ಗಾಡೀಲೇ ಪಟ್ಟಣಕ್ಕೆ ಕರ್ಕೊಂಡು ಹೋಗ್ತಿದ್ದೆ." ಅವರು ನಿಟ್ಟುಸಿರು ಬಿಟ್ಟರು. "ತೇಲಿಬಿಡ್ತು. ಪಾಪ, ಸುಮ್ಮನೆ ಅನುಮಾನಪಟ್ಟೆ. ಇನ್ನು ಅವನು ಏನು ಕೇಳಿದ್ರೂ ಇಲ್ಲ ಅನ್ನೋಕೆ ನನಗೆ ಬಾಯಿಲ್ಲ."

"ಸಾಹೇಬ್ರೇ, ಆ ಲೋಟ... ಆ ಲೋಟದ್ದು ಒಂದು ವಿಷಯ..."

"ನಿಮ್ಮಂಥ ನೇರ ಮನುಷ್ಯರು ಸಿಗೋದು ಕಷ್ಟ," ಅಂತ ಗೂ ಸಾಹೇಬರು ಅವರ ಭುಜ ತಟ್ಟಿದರು. "ಬಹಿರಂಗ ಪಾಠದಲ್ಲಿ ಕಣ್ಕಟ್ಟು ಮಾಡ್ದೋರನ್ನ ಹೋದ ವರ್ಷ ಕೆಲಸದಿಂದಲೇ ತೆಗೆದುಹಾಕಿದೀನಿ. ಏನೋ ಹೇಳ್ತಿದ್ರಲ್ಲ?"

"ಏನಿಲ್ಲ ಸಾಹೇಬ್ರೇ," ಅಂದರು ಫಾನ್ ಮೇಷ್ಟ್ರು.

ಸಾಹೇಬರ ಗಾಡಿ ಗೇಟು ದಾಟುವ ಮೊದಲೇ ಫೋನು ಬಡಿದುಕೊಂಡಿತು. ರೂಯಿಹ್ವಾ.

"ಏನಾಯ್ತ್ರೀ? ತೇಲ್ತಾ?"

"ತೇಲ್ತು."

"ಮೊದಲನೇ ಸ್ಥಾನ?"

"ಬಂತು."

ಆ ಕಡೆ ಹೆಂಡತಿಯೂ ಮಗಳೂ ಒಟ್ಟಿಗೆ ಕಿರುಚಿದರು. ಮೇಜು ಕುರ್ಚಿ ಎಳೆದಾಡುವ ಸದ್ದು ಕೇಳಿಸಿತು. "ನಂಗೊತ್ತಿತ್ತು! ದೊಡ್ಡ ಮಂಚಕ್ಕೆ ಜಾಗ ಮಾಡ್ತಿದೀನಿ ಇಲ್ಲಿ. ಯಾವತ್ತು ಬರ್ತೀರಿ?"

ಫಾನ್ ಮೇಷ್ಟ್ರು ಅಂಗಳದ ಕಡೆ ನೋಡಿದರು. ಮೆಂಗ್ ಭಟ್ಟಿಯ ಆಳುಗಳು ಹೆಗಲ ಮೇಲೆ ಸಾರಾಯಿ ಪೆಟ್ಟಿಗೆ ಹೊತ್ತು ಒಬ್ಬರ ಹಿಂದೊಬ್ಬರು ಪ್ರಯೋಗಶಾಲೆಗೆ ನುಗ್ಗುತ್ತಿದ್ದರು. ಹೆಡ್ಮೇಷ್ಟ್ರು ಬಾಗಿಲು ಹಿಡಿದು ನಿಂತಿದ್ದರು.

"ಈ ಭಾನುವಾರ ನಾನು ಬರೋಕಾಗಲ್ಲ ಕಣೇ. ನೀನೇ ಮಗೂನ ಕರ್ಕೊಂಡು ಬಾ. ಬರೋವಾಗ ಔಷಧಿ ಅಂಗಡೀಲಿ ಗಾಯ ತೊಳೆಯೋ ಸ್ಪಿರಿಟ್ ಸಿಗುತ್ತಲ್ಲ, ಅದನ್ನ ತಗೊಂಬಾ. ಎಷ್ಟು ಹೊರೋಕಾಗುತ್ತೋ ಅಷ್ಟು. ಯಾರಿಗೂ ಕಾಣದ ಹಾಗೆ."

"ಅಯ್ಯೋ! ಏನ್ರೀ ಮಾಡ್ಕೊಂಡ್ರಿ? ಗಾಯ ಆಯ್ತಾ?"

"ಹೂಂ ಕಣೇ," ಅಂದರು ಫಾನ್ ಮೇಷ್ಟ್ರು. "ವಾಸಿಯಾಗೋ ಹಾಗೆ ಕಾಣ್ತಿಲ್ಲ. ವಾರವಾರ ಬೇಕಾಗುತ್ತೆ."